ಇಂಗ್ಲೆಂಡಿನ ಬಿಲ್ಡಿಂಗ್ ಸೇಫ್ಟಿ ಲೆವಿ: ಫ್ಲಾಟ್ ಕೊಳ್ಳುವವರು ಕಟ್ಟಬೇಕಾ?

ನೀವು ಕೇಳಿರುವುದು ಎರಡು. ಇಂಗ್ಲೆಂಡಿನಲ್ಲಿ ಹೊಸ ಮನೆಗಳ ಮೇಲೆ ಬರುತ್ತಿರುವ ಸೇಫ್ಟಿ ಲೆವಿಯನ್ನು (ಒಂದು ಬಗೆಯ ತೆರಿಗೆ) ಕೊಳ್ಳುವವರು ಕಟ್ಟಬೇಕಾ? ಅದನ್ನು ಕಟ್ಟಿದ ಬಿಲ್ಡಿಂಗ್ ಜಾಸ್ತಿ ಸೇಫ್ ಆಗಿರುತ್ತದಾ?

ಎರಡಕ್ಕೂ ‘ಇಲ್ಲ’ ಅಂತಲೇ ಉತ್ತರ. ಲೆವಿ ಕಟ್ಟಬೇಕಾದ್ದು ಬಿಲ್ಡರ್. ಎರಡನೆಯದು ಕೇಳಿದರೆ ಸಾಮಾನ್ಯವಾಗಿ ಜನ ಹುಬ್ಬೇರಿಸುತ್ತಾರೆ. ಹೆಸರಲ್ಲೇ ಸೇಫ್ಟಿ ಇದೆ, ಅಲ್ವಾ? ಆದರೆ ಆ ದುಡ್ಡು ಹೋಗುವುದು ಹಳೇ ಕಟ್ಟಡಗಳ ರಿಪೇರಿಗೆ.

2017ರ ಜೂನ್ 14ರ ನಸುಕಿನಲ್ಲಿ ಲಂಡನ್ನಿನ ಗ್ರೆನ್‌ಫೆಲ್ ಟವರ್‌ಗೆ ಬೆಂಕಿ ಬಿತ್ತು. 24 ಮಹಡಿಯ ಕಟ್ಟಡ. ನಾಲ್ಕನೇ ಮಹಡಿಯ ಒಂದು ಅಡುಗೆಮನೆಯಲ್ಲಿ ಶುರುವಾದ ಬೆಂಕಿ ಹೊರಗೋಡೆಯ ಹೊದಿಕೆ (ಇಲ್ಲಿ ಕ್ಲಾಡಿಂಗ್ ಅಂತಾರೆ) ಹಿಡಿದು ಮೇಲೇರಿತು. 72 ಜನ ಸತ್ತರು. ಹುಡುಕಿದರೆ ದೇಶದ ತುಂಬ ಇಂಥ ಕಟ್ಟಡಗಳು.

ನಾನು ಆಗ ಇದ್ದದ್ದೂ ಅಂಥದ್ದೇ ಒಂದರಲ್ಲಿ. ರಾತ್ರಿಯಿಡೀ ಇಬ್ಬರು ಹಳದಿ ಜಾಕೆಟ್ ಹಾಕಿಕೊಂಡು ಕಾರಿಡಾರಿನಲ್ಲಿ ಓಡಾಡುತ್ತಿದ್ದರು, ಕೈಯಲ್ಲೊಂದು ಏರ್ ಹಾರ್ನ್. ಬೆಂಕಿ ಕಂಡರೆ ಅದನ್ನು ಒತ್ತಿ ಎಲ್ಲರನ್ನೂ ಎಬ್ಬಿಸಬೇಕು, ಅಷ್ಟೇ ಕೆಲಸ. ನಮ್ಮೂರಲ್ಲಿ ಗೂರ್ಖಾ ಸೀಟಿ ಊದುತ್ತಾ ಬರುತ್ತಿದ್ದದ್ದು ನೆನಪಾಗುತ್ತಿತ್ತು. ಅವರ ಸಂಬಳ ಬರುತ್ತಿದ್ದದ್ದು ನಮ್ಮ ಸರ್ವಿಸ್ ಚಾರ್ಜಿನಿಂದಲೇ. ಮಾರಿ ಹೋಗೋಣವೆಂದರೆ ಕೊಳ್ಳಲು ಬಂದವರಿಗೆ ಬ್ಯಾಂಕ್ ಸಾಲ ಕೊಡಲಿಲ್ಲ. ತಪ್ಪು ಯಾರದೋ, ಬಿಲ್ ನಮಗೆ.

ಈ ಜಗಳಕ್ಕೆ ಸರ್ಕಾರ ಕಂಡುಕೊಂಡ ದಾರಿಗಳಲ್ಲಿ ಒಂದು, 2022ರ ಬಿಲ್ಡಿಂಗ್ ಸೇಫ್ಟಿ ಕಾಯ್ದೆಯಲ್ಲಿ ಬಂದ ಈ ಲೆವಿ. ಹತ್ತು ವರ್ಷದಲ್ಲಿ ಸುಮಾರು 340 ಕೋಟಿ ಪೌಂಡ್ ಎತ್ತುವ ಲೆಕ್ಕ. ದೊಡ್ಡ ಬಿಲ್ಡರ್‌ಗಳ ಲಾಭದ ಮೇಲಿನ 4% ತೆರಿಗೆ 2022ರಿಂದಲೇ ಇದೆ, ಅದು ಬೇರೆ.

ನಾನೀಗ ಒಬ್ಬ ಬಿಲ್ಡರ್ ಹತ್ತಿರ ಎಸ್ಟಿಮೇಶನ್ ಕೆಲಸದಲ್ಲಿದ್ದೇನೆ. ಲೆಕ್ಕ ಹೀಗಿದೆ: 2026ರ ಅಕ್ಟೋಬರ್ 1ರಿಂದ ಬಿಲ್ಡಿಂಗ್ ಕಂಟ್ರೋಲ್ ಅರ್ಜಿ (ಕಟ್ಟಡ ನಿಯಮಗಳ ಒಪ್ಪಿಗೆಗೆ ಹಾಕುವ ಅರ್ಜಿ) ಹಾಕುವ ಯೋಜನೆಗಳಿಗೆ ಲೆವಿ. ಅದಕ್ಕೆ ಮುಂಚೆ ಹಾಕಿದ್ದರೆ ಇಲ್ಲ. ವಸೂಲಿ ಮಾಡುವುದು ಕೌನ್ಸಿಲ್ (ಅಲ್ಲಿನ ಸ್ಥಳೀಯ ಆಡಳಿತ), ದುಡ್ಡು ಹೋಗುವುದು ಕೇಂದ್ರ ಸರ್ಕಾರಕ್ಕೆ. ದರ ಚದರ ಮೀಟರಿಗಿಷ್ಟು ಅಂತ, ಒಂದೊಂದು ಕೌನ್ಸಿಲ್‌ಗೆ ಒಂದೊಂದು. ಕೆನ್ಸಿಂಗ್ಟನ್ ಮತ್ತು ಚೆಲ್ಸಿಯಲ್ಲಿ 100 ಪೌಂಡ್ ಆಸುಪಾಸು, ಡರಮ್ ಕೌಂಟಿಯಲ್ಲಿ 13ರ ಹತ್ತಿರ. ಗ್ರೆನ್‌ಫೆಲ್ ಇರುವುದೂ ಕೆನ್ಸಿಂಗ್ಟನ್ನಿನಲ್ಲೇ, ಆದರೆ ದರ ಹೆಚ್ಚಿರುವುದು ಅದಕ್ಕಲ್ಲ. ಅಲ್ಲಿ ಮನೆ ಬೆಲೆ ಹೆಚ್ಚು, ಅದಕ್ಕೆ. ಮೊದಲೇ ಕಟ್ಟಡ ಇದ್ದ ಜಾಗದಲ್ಲಿ ಕಟ್ಟಿದರೆ ಅರ್ಧ. ಅಂದರೆ 70 ಚದರ ಮೀಟರಿನ ಒಂದು ಫ್ಲಾಟಿಗೆ ಕೆನ್ಸಿಂಗ್ಟನ್ನಿನಲ್ಲಿ ಸುಮಾರು 7,000 ಪೌಂಡ್, ಹಳೇ ಜಾಗವಾದರೆ 3,500. ಡರಮ್‌ನಲ್ಲಿ ಸುಮಾರು 900.

ಹತ್ತಕ್ಕಿಂತ ಕಡಿಮೆ ಮನೆಗಳ ಯೋಜನೆಗೆ ಲೆವಿ ಇಲ್ಲ. ಬಡವರಿಗಾಗಿ ಕಟ್ಟುವ ಅಗ್ಗದ ಮನೆ, ಕೇರ್ ಹೋಮ್, ಆಸ್ಪತ್ರೆಗಳಿಗೂ ಇಲ್ಲ. ಮಿಕ್ಕವರು ದುಡ್ಡು ಕಟ್ಟದಿದ್ದರೆ ಕಂಪ್ಲೀಶನ್ ಸರ್ಟಿಫಿಕೇಟ್ (ಕಟ್ಟಡ ನಿಯಮದಂತೆ ಮುಗಿದಿದೆ ಅನ್ನುವ ಪತ್ರ) ಸಿಗದು. ಬೆಂಗಳೂರಿನಲ್ಲಿ ಓಸಿ (ವಾಸಕ್ಕೆ ಅನುಮತಿ ಪತ್ರ) ಇಲ್ಲದೆ ಮನೆ ಕೊಟ್ಟು ಕೈತೊಳೆದುಕೊಳ್ಳುವವರನ್ನು ನೋಡಿದ ನನಗೆ ಇದು ಒಳ್ಳೇ ಹಿಡಿತ ಅನ್ನಿಸುತ್ತದೆ.

ಹಾಗಾದರೆ ಬಿಲ್ಡರ್ ಅದನ್ನು ನಿಮ್ಮ ಬೆಲೆಗೆ ಸೇರಿಸುವುದಿಲ್ಲವಾ? ಸೇರಿಸಲು ಆಸೆಯೇನೋ ಇರುತ್ತದೆ. ಆದರೆ ಪಕ್ಕದ ಬೀದಿಯ ಹಳೇ ಮನೆಗೆ ಲೆವಿ ಇಲ್ಲ, ಹೊಸದು ಅದರ ಜೊತೆ ಪೈಪೋಟಿ ಮಾಡಬೇಕು. ಹಾಗಾಗಿ ಇನ್ನೂ ಜಾಗ ಕೊಳ್ಳದಿದ್ದರೆ ನಾವು ಆ ದುಡ್ಡನ್ನು ಜಾಗದ ಬೆಲೆಯಲ್ಲೇ ಕಳೆಯಲು ನೋಡುತ್ತೇವೆ. ಜಾಗ ಮೊದಲೇ ಕೊಂಡಿದ್ದರೆ ಪೆಟ್ಟು ಬೀಳುವುದು ಬಿಲ್ಡರ್ ಲಾಭಕ್ಕೆ. ಲಾಭ ತೀರಾ ಕಡಿಮೆ ಇರುವ ಕಡೆ ಯೋಜನೆಯೇ ನಿಂತುಹೋಗಬಹುದು. ನನಗೆ ಚಿಂತೆ ಇರುವುದು ಅದರ ಬಗ್ಗೆ.

ನಿಮ್ಮ ಫ್ಲಾಟ್ ಸೇಫಾ ಅಂತ ತಿಳಿಯಬೇಕಿದ್ದರೆ ಲೆವಿ ವಿಷಯ ಬಿಡಿ. ಕಟ್ಟಡ ಕನಿಷ್ಠ 18 ಮೀಟರ್ ಎತ್ತರ ಅಥವಾ ಏಳು ಮಹಡಿ ಇದೆಯಾ ನೋಡಿ. ಇದ್ದರೆ ಬಿಲ್ಡಿಂಗ್ ಸೇಫ್ಟಿ ರೆಗ್ಯುಲೇಟರ್ (ಎತ್ತರದ ಕಟ್ಟಡಗಳ ಸುರಕ್ಷತೆ ನೋಡುವ ಸರ್ಕಾರಿ ಸಂಸ್ಥೆ) ಒಪ್ಪಿಗೆ ಯಾವ ಹಂತದಲ್ಲಿದೆ, ಹೊರಗೋಡೆಗೆ ಏನು ಹಾಕಿದ್ದಾರೆ ಅಂತ ಸೇಲ್ಸ್‌ನವರನ್ನು ಇಮೇಲಿನಲ್ಲೇ ಕೇಳಿ. ಫೋನಿನಲ್ಲಿ ಬೇಡ.