ಜಯನಗರ ಯಾರ ಕೋಟೆ? ಒಂದೇ ಹೆಸರು, ಎರಡು ಕ್ಷೇತ್ರ

ಪ್ರಶ್ನೆ: ನಾನು ಬೆಂಗಳೂರಿನ ಜಯನಗರದವನು. ಇದು ಮೊದಲಿಂದಲೂ ಕಾಂಗ್ರೆಸ್ ಕ್ಷೇತ್ರ, ರಾಮಲಿಂಗಾ ರೆಡ್ಡಿ ಬಿಟ್ಟರೆ ಬೇರೆ ಯಾರೂ ಗೆಲ್ತಿರಲಿಲ್ಲ ಅಂತಾರೆ ನಮ್ಮ ತಂದೆ. ನನಗೆ ನೆನಪಿರುವಷ್ಟು ದಿನದಿಂದ ಇಲ್ಲಿ ಬಿಜೆಪಿಯದೇ ಜೋರು. ಯಾರು ಹೇಳೋದು ಸರಿ? 2018ರಲ್ಲಿ ನಮಗೆ ಮಾತ್ರ ಒಂದು ತಿಂಗಳು ತಡವಾಗಿ ಚುನಾವಣೆ ಆಗಿದ್ದು ಯಾಕೆ? 2023ರಲ್ಲಿ ನಿಜವಾಗಿಯೂ ಬರೀ 16 ಮತದಲ್ಲಿ ತೀರ್ಮಾನ ಆಯ್ತಾ? ಇತ್ತೀಚೆಗೆ ಜೆ.ಪಿ. ನಗರಕ್ಕೆ ಮನೆ ಬದಲಿಸಿದ್ದೇನೆ, ನನ್ನ ಮತ ಎಲ್ಲಿದೆ ಅನ್ನೋದೂ ಗೊತ್ತಾಗ್ತಿಲ್ಲ.

ಉತ್ತರ: ನಿಮ್ಮ ತಂದೆ ಹೇಳೋದೂ ಸರಿ, ನೀವು ಹೇಳೋದೂ ಸರಿ. ಇಬ್ಬರೂ ಮಾತಾಡ್ತಿರೋದು ಎರಡು ಬೇರೆ ಕ್ಷೇತ್ರಗಳ ಬಗ್ಗೆ, ಅಷ್ಟೇ. ಹೆಸರು ಮಾತ್ರ ಒಂದೇ.

ನಿಮ್ಮ ತಂದೆಯವರ ಜಯನಗರದಿಂದ ಶುರು ಮಾಡ್ತೀನಿ. 1983 ಮತ್ತು 1985ರಲ್ಲಿ ಇಲ್ಲಿ ಗೆದ್ದವರು ಜನತಾ ಪಕ್ಷದ ಎಂ. ಚಂದ್ರಶೇಖರ್. ಹಾಗಾಗಿ ಮೊದಲಿಂದಲೂ ಕಾಂಗ್ರೆಸ್ ಅನ್ನೋದು ಪೂರ್ತಿ ನಿಜವಲ್ಲ. ರಾಮಲಿಂಗಾ ರೆಡ್ಡಿಯವರ ಕಾಲ ಶುರುವಾಗಿದ್ದು 1989ರಲ್ಲಿ. ಆಮೇಲೆ 1994, 1999, 2004, ಹೀಗೆ ಸತತ ನಾಲ್ಕು ಸಲ ಗೆದ್ದರು. 1994ರ ಗೆಲುವನ್ನು ಸ್ವಲ್ಪ ಗಮನಿಸಿ. ಆ ವರ್ಷ ದೇವೇಗೌಡರ ಜನತಾದಳ ಅಧಿಕಾರಕ್ಕೆ ಬಂದಿತ್ತು, ಕಾಂಗ್ರೆಸ್ ರಾಜ್ಯದಲ್ಲಿ ಮೂರನೇ ಸ್ಥಾನಕ್ಕೆ ಕುಸಿದಿತ್ತು. ಅಂಥ ಹೊತ್ತಿನಲ್ಲೂ ಜಯನಗರ ಕೈಬಿಡಲಿಲ್ಲ ಅಂದರೆ ಅದು ಪಕ್ಷಕ್ಕಿಂತ ಹೆಚ್ಚಾಗಿ ವ್ಯಕ್ತಿಗೆ ಬಿದ್ದ ಮತ ಅನ್ನೋದು ನನ್ನ ಅಭಿಪ್ರಾಯ.

2008ರಲ್ಲಿ ನಕ್ಷೆಯೇ ಬದಲಾಯಿತು. ಅದಕ್ಕೂ ಮುಂಚೆ ಸುಮಾರು ಮೂವತ್ತು ವರ್ಷ, ಅಂದರೆ 1978ರಿಂದ 2004ರವರೆಗಿನ ಎಲ್ಲ ಚುನಾವಣೆ ಒಂದೇ ಗಡಿಯಲ್ಲಿ ನಡೆದಿದ್ದವು. ಅಷ್ಟರಲ್ಲಿ ಬೆಂಗಳೂರು ಎಷ್ಟು ಬೆಳೆಯಿತು ಅಂತ ನಿಮಗೇ ಗೊತ್ತು. 2001ರ ಜನಗಣತಿ ಇಟ್ಟುಕೊಂಡು ಕ್ಷೇತ್ರ ಪುನರ್ವಿಂಗಡಣೆ ಮಾಡಿದಾಗ ನಗರದ 16 ಸ್ಥಾನ 28 ಆದವು. ಬಿನ್ನಿಪೇಟೆ, ಭಾರತಿನಗರ, ಜಯಮಹಲ್, ಉತ್ತರಹಳ್ಳಿ, ವರ್ತೂರು ಅನ್ನೋ ಹೆಸರುಗಳೇ ಪಟ್ಟಿಯಿಂದ ಹೋದವು. ಬಿಟಿಎಂ ಲೇಔಟ್, ಪದ್ಮನಾಭನಗರ, ಬೊಮ್ಮನಹಳ್ಳಿ ಥರದ ಹೊಸ ಕ್ಷೇತ್ರಗಳು ಬಂದವು. ಜಯನಗರದ ಹೆಸರು ಉಳಿಯಿತು, ಆದರೆ ಒಳಗಿನ ಬಡಾವಣೆಗಳು ಅದಲುಬದಲಾದವು. ಜಯನಗರ ಬಡಾವಣೆಯ ಒಂದು ಭಾಗದವರು ಈಗ ಮತ ಹಾಕೋದು ಚಿಕ್ಕಪೇಟೆ ಕ್ಷೇತ್ರಕ್ಕೆ. ಇನ್ನೊಂದು ಕಡೆ ಜೆ.ಪಿ. ನಗರದ ಒಂದು ಭಾಗ, ಸಾರಕ್ಕಿ, ಶಾಕಾಂಬರಿ ನಗರ, ಬೈರಸಂದ್ರ, ಗುರಪ್ಪನಪಾಳ್ಯ ಎಲ್ಲ ಜಯನಗರ ಕ್ಷೇತ್ರದಲ್ಲಿವೆ.

ರಾಮಲಿಂಗಾ ರೆಡ್ಡಿಯವರು ಪಕ್ಕದ ಬಿಟಿಎಂ ಲೇಔಟ್‌ಗೆ ಹೋದರು, ಅಲ್ಲೂ 2008ರಿಂದ ನಾಲ್ಕು ಸಲ ಗೆದ್ದಿದ್ದಾರೆ. ಅವರ ನಿಷ್ಠಾವಂತ ಮತದಾರರಲ್ಲಿ ಎಷ್ಟೋ ಜನ ಗಡಿಯ ಆಚೆ ಸೇರಿಕೊಂಡರು ಅಂತಲೇ ನಾನು ಇದನ್ನು ಓದಿಕೊಳ್ಳೋದು. ಈಚೆ ಉಳಿದ ಜಯನಗರದಲ್ಲಿ ಬಿಜೆಪಿಯ ಬಿ.ಎನ್. ವಿಜಯಕುಮಾರ್ 2008 ಮತ್ತು 2013ರಲ್ಲಿ ಗೆದ್ದರು. ನಿಮ್ಮ ನೆನಪು ಶುರುವಾಗೋದು ಇಲ್ಲಿಂದ, ಅಲ್ವಾ?

ಈಗ 2018. ರಾಜ್ಯದಲ್ಲಿ ಮೇ 12ಕ್ಕೆ ಮತದಾನ ಇತ್ತು. ಅದಕ್ಕೆ ಎಂಟು ದಿನ ಮುಂಚೆ, ಮೇ 4ರಂದು ವಿಜಯಕುಮಾರ್ ತೀರಿಕೊಂಡರು. ಪ್ರಚಾರ ಜೋರಾಗಿ ನಡೆಯುತ್ತಿದ್ದ ಸಮಯ ಅದು. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿ ಮತದಾನಕ್ಕೆ ಮುಂಚೆ ತೀರಿಕೊಂಡರೆ ಮತದಾನ ಮುಂದೂಡಬೇಕು, ಆ ಪಕ್ಷಕ್ಕೆ ಬೇರೆಯವರನ್ನು ನಿಲ್ಲಿಸಲು ಏಳು ದಿನ ಸಮಯ ಕೊಡಬೇಕು ಅಂತ 1951ರ ಪ್ರಜಾಪ್ರತಿನಿಧಿ ಕಾಯ್ದೆ ಹೇಳುತ್ತೆ. ಪಕ್ಷೇತರರಿಗೆ ಈ ನಿಯಮ ಇಲ್ಲ. ಹೀಗೆ ಮತದಾನ ಜೂನ್ 11ಕ್ಕೆ ಹೋಯಿತು. ಅಂದಹಾಗೆ, ತಡವಾಗಿದ್ದು ನಿಮಗೆ ಮಾತ್ರ ಅಲ್ಲ. ರಾಜರಾಜೇಶ್ವರಿ ನಗರದಲ್ಲೂ ಮತದಾನ ಮೇ 28ಕ್ಕೆ ಹೋಗಿತ್ತು. ಅಲ್ಲಿ ಕಾರಣ ಬೇರೆ, ಒಂದು ಫ್ಲ್ಯಾಟ್‌ನಲ್ಲಿ ರಾಶಿಗಟ್ಟಲೆ ಮತದಾರರ ಗುರುತಿನ ಚೀಟಿ ಸಿಕ್ಕಿದ್ದವು.

ಈ ಒಂದು ತಿಂಗಳು ಜಯನಗರದ ಲೆಕ್ಕವನ್ನೇ ಬದಲಿಸಿತು. ಬೇರೆ ಕಡೆಯವರು ಸರ್ಕಾರ ಯಾರದ್ದು ಅಂತ ಗೊತ್ತಿಲ್ಲದೆ ಮತ ಹಾಕಿದ್ದರು. ನೀವು ಮತಗಟ್ಟೆಗೆ ಹೋಗೋ ಹೊತ್ತಿಗೆ ಯಡಿಯೂರಪ್ಪ ಮುಖ್ಯಮಂತ್ರಿಯಾಗಿ ರಾಜೀನಾಮೆಯನ್ನೂ ಕೊಟ್ಟಾಗಿತ್ತು, ಕುಮಾರಸ್ವಾಮಿ ಕಾಂಗ್ರೆಸ್ ಜೊತೆ ಸೇರಿ ಸರ್ಕಾರ ಮಾಡಿದ್ದರು. ಆ ಮೈತ್ರಿಯ ಕಾರಣಕ್ಕೇ ಜೆಡಿಎಸ್ ಅಭ್ಯರ್ಥಿ ಹಿಂದೆ ಸರಿದು ಕಾಂಗ್ರೆಸ್‌ಗೆ ಬೆಂಬಲ ಕೊಟ್ಟರು. ಬಿಜೆಪಿ ವಿಜಯಕುಮಾರ್ ಅವರ ತಮ್ಮ ಪ್ರಹ್ಲಾದ ಬಾಬು ಅವರನ್ನು ನಿಲ್ಲಿಸಿತು, ಕಾಂಗ್ರೆಸ್‌ನಿಂದ ರಾಮಲಿಂಗಾ ರೆಡ್ಡಿಯವರ ಮಗಳು ಸೌಮ್ಯಾ ರೆಡ್ಡಿ. ಸೌಮ್ಯಾ 2,889 ಮತಗಳಿಂದ ಗೆದ್ದರು. ಮೇ 12ರಂದೇ ಮತದಾನ ಆಗಿದ್ದರೆ ಫಲಿತಾಂಶ ಹೀಗೇ ಇರುತ್ತಿರಲಿಲ್ಲ ಅಂತ ನನಗೆ ಅನ್ನಿಸುತ್ತೆ.

2023ರ 16 ಮತ ಪೂರ್ತಿ ನಿಜ. ಬಿಜೆಪಿಯ ಸಿ.ಕೆ. ರಾಮಮೂರ್ತಿ 57,797, ಸೌಮ್ಯಾ ರೆಡ್ಡಿ 57,781. ಮೊದಲು ಸೌಮ್ಯಾ ಮುಂದಿದ್ದರು. ಬಿಜೆಪಿ ಮರು ಎಣಿಕೆ ಕೇಳಿತು, ಅಂಚೆ ಮತಗಳ ಮೇಲೆ ವಾದ ಆಯಿತು, ಎಣಿಕೆ ಕೇಂದ್ರದ ಹೊರಗೆ ಎರಡೂ ಕಡೆಯವರು ಸೇರಿ ಗಲಾಟೆಯಾಯಿತು, ತಡರಾತ್ರಿ ಫಲಿತಾಂಶ ಬಂತು. ಇಬ್ಬರಿಗೂ ಸೇರಿ ಬಿದ್ದ ಮತ 1.15 ಲಕ್ಷಕ್ಕೂ ಜಾಸ್ತಿ, ಅದರಲ್ಲಿ ವ್ಯತ್ಯಾಸ ಒಂದು ಮಿನಿ ಬಸ್ಸಿನಲ್ಲಿ ಕೂರುವಷ್ಟು ಜನ! ನಮ್ಮ ರಾಜ್ಯದಲ್ಲಿ ಇದಕ್ಕಿಂತ ಕಮ್ಮಿ ಅಂತರವೂ ಆಗಿದೆ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಒಂದೇ ಒಂದು ಮತದಿಂದ ಗೆದ್ದಿದ್ದರು. ಆ ಕ್ಷೇತ್ರವೂ 2008ರಲ್ಲಿ ನಕ್ಷೆಯಿಂದ ಹೋಯಿತು.

ನನಗೆ ಬೇಜಾರಾಗೋದು 16 ಅನ್ನೋ ಅಂಕಿಯ ಬಗ್ಗೆ ಅಲ್ಲ. ಇಷ್ಟು ಓದಿದವರು ಇರುವ ಜಾಗದಲ್ಲಿ ಅರ್ಧಕ್ಕೆ ಹತ್ತಿರ ಜನ ಮತಗಟ್ಟೆಗೇ ಬರೋದಿಲ್ಲ. 2018ರಲ್ಲೂ ಮತದಾನ ಶೇ 55ರ ಆಸುಪಾಸಿನಲ್ಲೇ ನಿಂತಿತು. ಕೋಟೆ ಯಾರದ್ದು ಅಂತ ಕೇಳೋದಕ್ಕಿಂತ, ಆವತ್ತು ಮನೆಯಲ್ಲೇ ಉಳಿದವರು ಯಾರು ಅಂತ ಕೇಳಿದರೆ ಈ ಕ್ಷೇತ್ರ ಹೆಚ್ಚು ಅರ್ಥ ಆಗುತ್ತೆ.

ಈಗ ನಿಮ್ಮ ಮತದ ವಿಷಯ. ಚುನಾವಣಾ ಆಯೋಗದ ಆ್ಯಪ್‌ನಲ್ಲಿ ಗುರುತಿನ ಚೀಟಿಯ ನಂಬರ್ ಹಾಕಿ ಹುಡುಕಿ, ಕ್ಷೇತ್ರ ಮತ್ತು ಮತಗಟ್ಟೆ ಎರಡೂ ಕಾಣುತ್ತೆ. ಜಯನಗರ ಕ್ಷೇತ್ರದ ಸಂಖ್ಯೆ 173. ಹಳೇ ವಿಳಾಸ ಇದ್ದರೆ ನಮೂನೆ 8 ತುಂಬಿ. ಮೊದಲು ಬೇರೆ ಕ್ಷೇತ್ರಕ್ಕೆ ಹೋದವರು ನಮೂನೆ 6 ಕೊಡಬೇಕಿತ್ತು, 2022ರಿಂದ ಅದಕ್ಕೂ 8 ಸಾಕು. ನಾಮಪತ್ರ ಸಲ್ಲಿಸುವ ಕೊನೇ ದಿನ ಕಳೆದ ಮೇಲೆ ಆ ಚುನಾವಣೆಗೆ ಪಟ್ಟಿಯಲ್ಲಿ ಹೆಸರು ಸೇರೋದಿಲ್ಲ. ಹಾಗಾಗಿ ಚುನಾವಣೆ ಘೋಷಣೆ ಆಗಲಿ ಅಂತ ಕಾಯಬೇಡಿ, ಈ ವಾರವೇ ಅರ್ಜಿ ಹಾಕಿ. ತಂದೆಯವರ ಹೆಸರನ್ನೂ ಒಮ್ಮೆ ನೋಡಿಬಿಡಿ.