ಏಳು ಜನ ಸತ್ತರು, ಯಾರು ಅವರು?

ಓದುಗರ ಪತ್ರದ ಸಾರ: ಹೆಂಡತಿಯ ತವರು ಸಾತಾರಾ ಜಿಲ್ಲೆಯ ಒಂದು ಹಳ್ಳಿ. ಅಲ್ಲಿನ ಹಳೇ ಚಾವಡಿಯ ಗೋಡೆಯಲ್ಲಿರುವ ಇಂಗ್ಲಿಷ್ ಫಲಕದಲ್ಲಿ, 1914–1919ರ ಮಹಾಯುದ್ಧಕ್ಕೆ ಈ ಊರಿಂದ 41 ಜನ ಹೋದರು, 7 ಜನ ಪ್ರಾಣ ಕೊಟ್ಟರು ಎಂದಿದೆ. ಹೆಸರಿಲ್ಲ. ಮಗಳನ್ನು ನೋಡಲು ಇಂಗ್ಲೆಂಡಿಗೆ ಹೋದಾಗ, ಅಲ್ಲಿನ ಪುಟ್ಟ ಹಳ್ಳಿಯ ಕಲ್ಲಿನಲ್ಲಿ ಸತ್ತ ಹನ್ನೊಂದೂ ಜನರ ಹೆಸರಿತ್ತು. ನಮ್ಮವರಿಗೆ ಯಾಕೆ ಬರೀ ಲೆಕ್ಕ? ಈಗ ಊರವರು ಹೆಸರು ಕೆತ್ತಿಸಲು ಹೊರಟಿದ್ದಾರೆ, ಎಲ್ಲಿಂದ ಶುರು ಮಾಡುವುದು?

ಸಂಪಾದಕರ ಉತ್ತರ: ನೀವು ನೋಡಿದ ಎರಡು ಕಲ್ಲುಗಳನ್ನು ನಿಲ್ಲಿಸಿದ ಕೈಗಳೇ ಬೇರೆ. ಇಂಗ್ಲೆಂಡಿನ ಹಳ್ಳಿಯ ಕಲ್ಲುಗಳನ್ನು ಸಾಮಾನ್ಯವಾಗಿ ಸರ್ಕಾರ ಹಾಕಿಸಿದ್ದಲ್ಲ. ಊರವರೇ ಚಂದಾ ಎತ್ತಿ, ಸಮಿತಿ ಮಾಡಿ, ಮನೆಮನೆ ಕೇಳಿ ಪಟ್ಟಿ ಬರೆದರು. ರಣರಂಗದಿಂದ ಹೆಣ ಮನೆಗೆ ತರಬಾರದೆಂದು 1915ರಲ್ಲೇ ಬ್ರಿಟಿಷ್ ಸೇನೆ ಕಟ್ಟು ಹಾಕಿತ್ತು. ಹಾಗಾಗಿ ಹೂವಿಡುವುದಕ್ಕೆ ತಾಯಂದಿರಿಗೆ ಉಳಿದದ್ದು ಊರ ನಡುವಿನ ಈ ಕಲ್ಲು ಮಾತ್ರ. ಕಾಣೆಯಾದ ಮಗ ಬಂದೇ ಬರುತ್ತಾನೆ ಎಂದು ಹೆಸರು ಕೊಡಲು ಒಪ್ಪದ ಮನೆಗಳೂ ಇದ್ದವು. ಹುಟ್ಟಿದೂರಲ್ಲೊಮ್ಮೆ, ಹೆಂಡತಿಯ ಊರಲ್ಲೊಮ್ಮೆ, ಹೀಗೆ ಎರಡು ಕಡೆ ಕೆತ್ತಿಸಿಕೊಂಡವರೂ ಇದ್ದಾರೆ. ಪಟ್ಟಿಯಲ್ಲಿ ತಪ್ಪುಗಳಿವೆ ನಿಜ, ಆದರೆ ಸತ್ತವನನ್ನು ಕಣ್ಣಾರೆ ಕಂಡಿದ್ದವರು ಮಾಡಿದ ತಪ್ಪುಗಳವು.

ನಿಮ್ಮ ಚಾವಡಿಯ ಫಲಕ ಮೇಲಿನಿಂದ ಬಂದದ್ದು. ಅಂಥವು ದೇಶದ ಅನೇಕ ಹಳ್ಳಿಗಳಲ್ಲಿವೆ. ವಾಕ್ಯ ಹೆಚ್ಚುಕಡಿಮೆ ಅದೇ, ಅಂಕಿ ಮಾತ್ರ ಬೇರೆ.

ಹೆಸರು ಗೊತ್ತಿರಲಿಲ್ಲ ಎಂದುಕೊಳ್ಳಬೇಡಿ. ಪಂಜಾಬಿನಲ್ಲಿ ಯುದ್ಧ ಮುಗಿದೊಡನೆ ಊರೂರಿನ ಲೆಕ್ಕ ಬರೆಸಿದ್ದರು. ಸುಮಾರು 3,20,000 ಸೈನಿಕರ ವಿವರ ಹೊತ್ತ ಆ ಕಡತಗಳು ಲಾಹೋರ್ ವಸ್ತುಸಂಗ್ರಹಾಲಯದಲ್ಲಿ ದಶಕಗಟ್ಟಲೆ ಬಿದ್ದಿದ್ದು, 2021ರಲ್ಲಷ್ಟೇ ಜನರ ಕಣ್ಣಿಗೆ ಬಿದ್ದವು. ಇನ್ನು ಇರಾಕಿನ ಬಸ್ರಾ ಸ್ಮಾರಕ ನೋಡಿ. ಅಲ್ಲಿ ಭಾರತೀಯ ಅಧಿಕಾರಿಗಳಿಗೆ ಹೆಸರುಂಟು. ಸಾಮಾನ್ಯ ಸಿಪಾಯಿಗಳು ಆಯಾ ರೆಜಿಮೆಂಟಿನ ಕೆಳಗೆ ‘ಇನ್ನಿತರ ಇಷ್ಟು ಮಂದಿ’ ಅಷ್ಟೆ. ಅಧಿಕಾರಿಗೂ ಸಿಪಾಯಿಗೂ ಒಂದೇ ಅಳತೆಯ ಗೋರಿಕಲ್ಲು ಎಂದು ಹೆಮ್ಮೆಪಟ್ಟ ಯುದ್ಧಸಮಾಧಿ ಆಯೋಗವೇ (ಇಂದಿನ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್) ಇದನ್ನು ಮಾಡಿದ್ದು! ಏಷ್ಯಾ, ಆಫ್ರಿಕಾದ ಕನಿಷ್ಠ 1,16,000 ಮಂದಿಯನ್ನು ಹೆಸರು ಹಿಡಿದು ನೆನೆದಿಲ್ಲ, ಕೆಲವರನ್ನು ನೆನೆದೇ ಇಲ್ಲ ಎಂದು ಅದು 2021ರಲ್ಲಿ ಒಪ್ಪಿಕೊಂಡು ಕ್ಷಮೆ ಕೇಳಿತು. ನೂರು ವರ್ಷ ತಡವಾಗಿ ಬಂದ ಕ್ಷಮೆ, ಇರಲಿ.

ಎಲ್ಲ ಕಡೆ ಹಾಗಾಗಲಿಲ್ಲ. ಫ್ರಾನ್ಸಿನ ನವ್ ಶಪೆಲ್‌ನಲ್ಲಿ 1927ರಲ್ಲಿ ತೆರೆದ ಸ್ಮಾರಕದಲ್ಲಿ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳಿವೆ, ಸಿಪಾಯಿಗಳದ್ದೂ ಸೇರಿ. ನಿಮ್ಮ ಹುಡುಕಾಟ ಆಯೋಗದ ಅಂತರ್ಜಾಲ ದಾಖಲೆಯಿಂದಲೇ ಶುರುವಾಗಲಿ. ಅನೇಕ ನಮೂದುಗಳಲ್ಲಿ ತಂದೆಯ ಹೆಸರು, ಊರು, ಜಿಲ್ಲೆ ಸಿಗುತ್ತವೆ. ಊರಿನ ಹೆಸರನ್ನು ಕಿವಿಗೆ ಬಿದ್ದಂತೆ ಬರೆದಿರುತ್ತಾರೆ, ಆದ್ದರಿಂದ ನಾಲ್ಕಾರು ರೀತಿಯ ಕಾಗುಣಿತ ಹಾಕಿ ನೋಡಿ.

ಒಂದು ಎಚ್ಚರ: ಏಳು ತುಂಬಿಸಲೇಬೇಕೆಂದು ಹೊರಡಬೇಡಿ. ಅದು ಯಾರೋ ಗುಮಾಸ್ತ ಕೂಡಿದ ಮೊತ್ತ. ಎಂಟು ಸಿಗಬಹುದು, ನಾಲ್ಕೇ ಸಿಗಬಹುದು. ಗುಂಡು ತಾಗಿ ಸತ್ತವರನ್ನು ಮಾತ್ರ ಹುಡುಕಿದರೆ ಅರ್ಧ ಜನ ಬಿಟ್ಟುಹೋಗುತ್ತಾರೆ. ಮೆಸೊಪೊಟೇಮಿಯಾದಲ್ಲಿ, ಅಂದರೆ ಇಂದಿನ ಇರಾಕಿನಲ್ಲಿ, ಜ್ವರ, ಭೇದಿ ತೆಗೆದುಕೊಂಡ ಜೀವಗಳಿಗೆ ಲೆಕ್ಕವಿಲ್ಲ. ಬಂದೂಕು ಹಿಡಿಯದ ಹಮಾಲರು, ಹೇಸರಗತ್ತೆ ಹೊಡೆಯುವವರು, ಅಡುಗೆಯವರು ಸಹ ಹೋಗಿದ್ದರು. ಆಯೋಗ 1921ರ ಆಗಸ್ಟ್ 31ರವರೆಗಿನ ಸಾವುಗಳನ್ನು ಲೆಕ್ಕಕ್ಕೆ ಹಿಡಿಯುತ್ತದೆ, ಹಾಗಾಗಿ ಕಾಯಿಲೆ ಹೊತ್ತು ಮನೆಗೆ ಬಂದು 1920ರಲ್ಲಿ ತೀರಿಕೊಂಡವನನ್ನೂ ಕೇಳಿ ಬರೆದುಕೊಳ್ಳಿ.

ಕೇಳುವಾಗ ಮುದುಕಿಯರನ್ನು ಬಿಡಬೇಡಿ. ಗಂಡಸರು ರೆಜಿಮೆಂಟಿನ ಹೆಸರು ಹೇಳಿಯಾರು. ಯಾರ ಮನೆಯ ಹೆಣ್ಣು ಗಂಡನ ದಾರಿ ನೋಡುತ್ತಾ ಎಷ್ಟು ವರ್ಷ ಕುಂಕುಮ ಅಳಿಸಲಿಲ್ಲ ಅನ್ನುವುದು ಮುದುಕಿಯರ ಬಾಯಲ್ಲೇ ಉಳಿದಿರುತ್ತದೆ.

ಹೆಸರನ್ನು ಊರವರು ಓದುವ ಲಿಪಿಯಲ್ಲೇ ಕೆತ್ತಿಸಿ, ಜೊತೆಗೆ ತಂದೆಯ ಹೆಸರೂ ಇರಲಿ, ಹುದ್ದೆ ಬೇಡ. ಹಳೇ ಫಲಕ ಕೀಳಬೇಡಿ, ಅದರ ಕೆಳಗೇ ಹೊಸದನ್ನು ಕೂರಿಸಿ. ಕೊನೆಯಲ್ಲಿ ಒಂದು ಗೇಣು ಜಾಗ ಖಾಲಿ ಬಿಟ್ಟಿರಿ. ಉದ್ಘಾಟನೆಯ ದಿನವೇ ಯಾರಾದರೂ ಬಂದು ‘ನಮ್ಮ ಅಜ್ಜನ ಅಣ್ಣನೂ ಹೋಗಿದ್ದ’ ಅನ್ನುತ್ತಾರೆ.