ನಿಮ್ಮ ಕಥೆ ನಾಲ್ಕನೇ ಪುಟದಲ್ಲಿದೆ

ನಮಸ್ಕಾರ,

ನಿಮ್ಮ ಕಥೆ ‘ಬಂಗಾರದ ಕಣಿವೆ’ ಸಿಕ್ಕಿತು. ಎರಡು ಸಲ ಓದಿದೆ. ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಅದನ್ನು ಮೊದಲೇ ಹೇಳಿಬಿಟ್ಟರೆ ಇಬ್ಬರಿಗೂ ನಿರಾಳ. ಆದರೆ ವಾಪಸ್ ಕಳಿಸಿ ಸುಮ್ಮನಾಗಲು ನಾಲ್ಕನೇ ಪುಟ ಬಿಡುತ್ತಿಲ್ಲ.

ನಿಮ್ಮ ಕಥೆ ನನಗೆ ಅರ್ಥವಾಗಿದ್ದು ಹೀಗೆ. 1982, ಕ್ಯಾಲಿಫೋರ್ನಿಯಾದ ಫ್ರೆಸ್ನೊ ಹತ್ತಿರ ಒಂದು ಒಣದ್ರಾಕ್ಷಿ ತೋಟ. ಮೆಕ್ಸಿಕೊದಿಂದ ಬಂದ ಕೂಲಿ ಕುಟುಂಬ. ಮಗಳು ಲೂಸಿಯಾಗೆ ಹದಿನಾಲ್ಕು. ಹದಿನೈದನೇ ಹುಟ್ಟುಹಬ್ಬದ ‘ಕಿನ್ಸೆಅನ್ಯೇರಾ’ ಮಾಡಲು ದುಡ್ಡಿಲ್ಲ. ಕೊನೆಗೆ ಅಪ್ಪ ಸಾಯುತ್ತಾನೆ, ಹುಡುಗಿ ಬೆಳೆದುಬಿಡುತ್ತಾಳೆ.

‘ಹಸಿವು’ ಅನ್ನುವ ಪದ ಹನ್ನೊಂದು ಸಲ ಬಂದಿದೆ. ಆದರೆ ಇಡೀ ಕಥೆಯಲ್ಲಿ ಯಾರೂ ಒಂದು ತುತ್ತು ತಿನ್ನುವುದು ಕಾಣಲಿಲ್ಲ. ಅಜ್ಜಿ ‘ಚಪಾತಿ ಲಟ್ಟಿಸಿದಳು’ ಅಂತ ಒಂದು ಸಾಲಿದೆ, ಅಷ್ಟೇ. ಆಕೆ ಮೆಕ್ಸಿಕೊದ ಮಿಚೊಆಕಾನ್‌ನವಳು ಅಂತ ಬರೆದವರು ನೀವೇ. ಉತ್ತರದ ಸೊನೋರಾದವಳಾಗಿದ್ದರೆ ಗೋಧಿ ಅಂದರೂ ನಂಬುತ್ತಿದ್ದೆ. ಈಕೆ ಮೆಕ್ಕೆಜೋಳವನ್ನು ಸುಣ್ಣದ ನೀರಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಹಾಕಿ, ಬೆಳಗ್ಗೆ ತೊಳೆದು ಅರೆಯುವವಳು. ಆ ಹಿಟ್ಟಿಗೊಂದು ವಾಸನೆ ಇರುತ್ತದೆ. ಎಂಟು ವರ್ಷದಿಂದ ಫ್ರೆಸ್ನೊದಲ್ಲೇ ಇದ್ದೀರಿ ಅಂತ ಪತ್ರದಲ್ಲಿ ಹೇಳಿದ್ದೀರಿ, ಆ ವಾಸನೆ ನಿಮ್ಮ ಮೂಗಿಗೆ ಬಿದ್ದೇ ಇರುತ್ತದೆ. ಆ ಜೋಳದ ರೊಟ್ಟಿಗೆ ‘ಟೋರ್ತಿಯಾ’ ಅಂತಲೇ ಬರೆಯಿರಿ. ಓದುವವರಿಗೆ ಗೊತ್ತಾಗುತ್ತದೆ.

ಅಪ್ಪನ ಕೈಗೆ ಗಿಡ್ಡ ಹಿಡಿಯ ಗುದ್ದಲಿ ಕೊಟ್ಟಿದ್ದೀರಿ. ಕ್ಯಾಲಿಫೋರ್ನಿಯಾದಲ್ಲಿ ಅದಕ್ಕೆ 1975ರಲ್ಲೇ ನಿಷೇಧ ಬಿತ್ತು. ದಿನವಿಡೀ ಬಗ್ಗಿ ಕೆಲಸ ಮಾಡಿ ಬೆನ್ನು ಹೋಗುತ್ತದೆ ಅನ್ನುವುದೇ ಕಾರಣ. ಅದೂ ಲೆಟ್ಯೂಸ್ ಹೊಲದ ಸಾಮಾನು, ದ್ರಾಕ್ಷಿಗೆ ಯಾಕೆ ಬೇಕು? ಗುದ್ದಲಿ ತೆಗೆದುಹಾಕಿ, ಬೆನ್ನನ್ನು ಉಳಿಸಿಕೊಳ್ಳಿ. ಸಲಿನಾಸ್‌ನ ಲೆಟ್ಯೂಸ್ ಹೊಲಗಳಲ್ಲಿ ಹತ್ತು ವರ್ಷ ಬಗ್ಗಿದ ಮನುಷ್ಯ ಈಗ ಮಂಚದಿಂದ ಹೇಗೆ ಏಳುತ್ತಾನೆ? ಅದನ್ನು ಮಗಳು ದಿನಾ ನೋಡುತ್ತಾಳಲ್ವಾ?

ಲೂಸಿಯಾ ಪೊಲೀಸರಿಗೆ ಹೆದರಿ ಬಳ್ಳಿಗಳ ನಡುವೆ ಅಡಗುವುದೂ ಬೇಡ. ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ, ಅಪ್ಪ ಅಮ್ಮ ಒಪ್ಪಿದರೆ ಹನ್ನೆರಡು ವರ್ಷದ ಮಗುವೂ ಶಾಲೆ ಇಲ್ಲದ ಹೊತ್ತಲ್ಲಿ ಹೊಲದಲ್ಲಿ ದುಡಿಯಬಹುದು. ಇವತ್ತಿಗೂ ಹಾಗೇ ಇದೆ. ಕದ್ದುಮುಚ್ಚಿ ನಡೆಯುವುದಕ್ಕಿಂತ ಇದೇ ನನ್ನನ್ನು ಜಾಸ್ತಿ ಕಾಡುತ್ತದೆ.

ಕಿನ್ಸೆಅನ್ಯೇರಾ ವಿಷಯದಲ್ಲಿ ದೊಡ್ಡದಾಗಿ ಎಡವಿದ್ದೀರಿ. ಅದನ್ನು ನಮ್ಮ ಕಡೆಯ ಮೈನೆರೆದ ಶಾಸ್ತ್ರದ ಹಾಗೆ ಬರೆದಿದ್ದೀರಿ. ‘ದೊಡ್ಡವಳಾದಳು’ ಅಂದರೆ ಕನ್ನಡದಲ್ಲಿ ಏನು ಅಂತ ನಿಮಗೆ ಗೊತ್ತು. ಆ ಮಾತೇ ನಿಮ್ಮ ದಾರಿ ತಪ್ಪಿಸಿರಬೇಕು. ಅಲ್ಲಿ ಲೆಕ್ಕ ವಯಸ್ಸಿನದು, ಮೈಯದ್ದಲ್ಲ. ಮೊದಲು ಚರ್ಚಿನಲ್ಲಿ ಪೂಜೆ, ಆಮೇಲೆ ಊಟ, ಕುಣಿತ. ಎಷ್ಟೋ ಮನೆಗಳಲ್ಲಿ ಅಪ್ಪ ಮಗಳ ಚಪ್ಪಟೆ ಚಪ್ಪಲಿ ಬಿಚ್ಚಿ ಹಿಮ್ಮಡಿ ಎತ್ತರದ್ದು ತೊಡಿಸುತ್ತಾನೆ. ದುಡ್ಡಿಲ್ಲ ಅಂತ ಹಬ್ಬ ನಿಲ್ಲಬೇಕಾಗಿಯೂ ಇಲ್ಲ. ಕೇಕು ಒಬ್ಬರದು, ಲಂಗ ಇನ್ನೊಬ್ಬರದು, ಚಪ್ಪಲಿ ಮತ್ತೊಬ್ಬರದು. ಹೀಗೆ ‘ಪದ್ರಿನೋ’ಗಳು, ಅಂದರೆ ಧರ್ಮದ ಅಪ್ಪ ಅಮ್ಮಂದಿರು, ಖರ್ಚು ಹಂಚಿಕೊಳ್ಳುತ್ತಾರೆ. ನಮ್ಮ ಮದುವೆಗಳ ಮುಯ್ಯಿ ನೆನಪಾಯಿತು. ಬಡವರಿಗೆ ನೆಂಟರೂ ಇರುತ್ತಾರೆ ಸ್ವಾಮಿ, ಬರೀ ಕಣ್ಣೀರಲ್ಲ. ಆ ಬೆನ್ನಿನ ಅಪ್ಪ ಚಪ್ಪಲಿ ತೊಡಿಸಲು ಬಗ್ಗುವುದನ್ನು ಒಮ್ಮೆ ಊಹಿಸಿ ನೋಡಿ. ಆಮೇಲೆ ಅವನನ್ನು ಸಾಯಿಸುವ ಮನಸ್ಸು ನಿಮಗೇ ಬರುವುದಿಲ್ಲ.

ಈಗ ನಾಲ್ಕನೇ ಪುಟ. ಮೂರೇ ಸಾಲಿನಲ್ಲಿ ಮುಗಿಸಿದ್ದೀರಿ. ಗೊಂಚಲು ಕೊಯ್ದು ಸಾಲುಗಳ ನಡುವೆ ನೆಲದ ಮೇಲೆ ಕಾಗದದ ಹಾಳೆ ಹಾಸಿ ಒಣಗಲು ಹರಡುತ್ತಾರೆ. ಕೂಲಿ ಹಾಳೆ ಲೆಕ್ಕದಲ್ಲಿ. ಸಂಜೆ ಮಾಲೀಕನ ಎಣಿಕೆಗೂ ಅಪ್ಪನ ಎಣಿಕೆಗೂ ತಾಳೆಯಾಗುವುದಿಲ್ಲ. ಅಪ್ಪನಿಗೆ ಇಂಗ್ಲಿಷ್ ಬಾರದು, ಮಾಲೀಕನಿಗೆ ಸ್ಪ್ಯಾನಿಷ್ ಬಾರದು. ನಡುವೆ ಲೂಸಿಯಾ. ‘ಅವಳು ಅವರ ಮಾತನ್ನು ಅಪ್ಪನಿಗೆ ಹೇಳಿದಳು’ ಅಂತ ಬರೆದು ಮುಂದೆ ಹೋಗಿದ್ದೀರಿ. ಏನು ಹೇಳಿದಳು?

ಇಂಗ್ಲಿಷ್‌ನಲ್ಲಿ ‘ಯೂ’ ಒಂದೇ. ಸ್ಪ್ಯಾನಿಷ್‌ನಲ್ಲಿ ‘ತೂ’ ಇದೆ, ‘ಉಸ್ತೆದ್’ ಇದೆ. ನಮ್ಮ ನೀನು, ನೀವು ಇದ್ದ ಹಾಗೆ. ಅಪ್ಪ ಅಮ್ಮನಿಗೆ ಉಸ್ತೆದ್ ಅನ್ನುವ ಮನೆಗಳು ಮೆಕ್ಸಿಕೊದಲ್ಲಿ ಬೇಕಾದಷ್ಟಿವೆ. ಲೂಸಿಯಾದೂ ಅಂಥ ಮನೆ ಅಂದುಕೊಳ್ಳೋಣ. ಮಾಲೀಕ ಕೂಗುತ್ತಾನೆ: “ನಿಂಗೆ ಎಣಿಸೋಕೂ ಬರಲ್ವೇನೋ?” ಹುಡುಗಿ ಅಪ್ಪನ ಕಡೆ ತಿರುಗಿ ಹೇಳುತ್ತಾಳೆ: “ಅಪ್ಪಾ, ಲೆಕ್ಕ ಇನ್ನೊಂದ್ಸಲ ನೋಡ್ತೀರಾ ಅಂತ ಕೇಳ್ತಿದ್ದಾರೆ.” ಅವಳು ಬೆಳೆದಿದ್ದು ಆ ಗಳಿಗೆಯಲ್ಲಿ. ಇದೇ ಕಥೆಯನ್ನು ಇಂಗ್ಲಿಷ್‌ನಲ್ಲಿ ಬರೆದಿದ್ದರೆ ಈ ‘ನೀವು’ ತರಲು ಒದ್ದಾಡಬೇಕಿತ್ತು. ಕನ್ನಡದಲ್ಲಿ ಅದು ಪುಕ್ಕಟೆ ಸಿಗುತ್ತದೆ. ನೀವೋ, ಮಾಲೀಕನ ಬಾಯಲ್ಲೂ ‘ನೀವು’ ಹಾಕಿ ಅದನ್ನು ಕಳೆದಿದ್ದೀರಿ.

ಅಪ್ಪನಿಗೆ ಮಾಲೀಕನ ದನಿ ಕೇಳಿಸಿರುತ್ತದೆ. ಮಗಳು ಸುಳ್ಳು ಹೇಳುತ್ತಿದ್ದಾಳೆ ಅಂತ ಅವನಿಗೆ ಗೊತ್ತಾಯಿತೇ? ಅದನ್ನು ನನಗೆ ಹೇಳಬೇಡಿ, ಬರೆಯಿರಿ.

‘ಬಡತನವು ಅವಳನ್ನು ಬೇಗನೆ ಪ್ರಬುದ್ಧಳನ್ನಾಗಿಸಿತು’ ಅನ್ನುವ ಸಾಲನ್ನು ಹೊಡೆದುಹಾಕಿ. ‘ಹಿಸ್ಪಾನಿಕ್ ಕುಟುಂಬ’ ಅನ್ನುವುದನ್ನೂ. ಅದು ಜನಗಣತಿ ಫಾರಂನ ಪದ. ಆ ಅಜ್ಜಿಯನ್ನು ಕೇಳಿದರೆ ‘ಮಿಚೊಆಕಾನ್‌ನವಳು’ ಅಂತಾಳೆ. ಎಂಟು ಪುಟ ಸಾಕು, ಹದಿನಾರು ಬೇಡ. ಯುಗಾದಿಯೊಳಗೆ ಕಳಿಸಿದರೆ ನಾನೇ ಕೂತು ಓದುತ್ತೇನೆ. ಕಳಿಸುವ ಮುಂಚೆ ಒಂದು ವಿಷಯ ತಿಳಿದುಕೊಳ್ಳಿ: ಆಗ ಒಂದು ಹಾಳೆಗೆ ಎಷ್ಟು ಸೆಂಟ್ ಕೊಡುತ್ತಿದ್ದರು? ಲೂಸಿಯಾಗೆ ಅದು ಬಾಯಿಪಾಠ ಇರುತ್ತದೆ.